ಹಳೇ ಜೀಪು: ದುಡ್ಡು ಮೇಲಕ್ಕೋ, ಅಡಿಗೋ?

"ಜೀಪು ತಗೊಂಡ ಮೇಲೆ ಮೊದಲು ಏನು ಹಾಕಿಸಿದ್ರಿ?" ನಮ್ಮಲ್ಲಿಗೆ ಜೀಪು ನೋಡಲು ಬರುವವರೆಲ್ಲ ಕೇಳುವುದು ಇದನ್ನೇ. ದೊಡ್ಡ ಟಯರಾ, ಎದುರಿಗೆ ಗಾರ್ಡಾ, ವಿಂಚಾ, ತಲೆ ಮೇಲೆ ನಾಲ್ಕು ಲೈಟಾ? ನನ್ನ ಉತ್ತರ ಕೇಳಿದರೆ ಅವರ ಮುಖ ಸಣ್ಣದಾಗುತ್ತದೆ. ಮೊದಲು ಹಾಕಿಸಿದ್ದು ಬ್ರೇಕಿನ ರಬ್ಬರು. ಅದಕ್ಕೂ ಮೊದಲು, ಹಾಕಿದ್ದನ್ನು ತೆಗೆಸಿದ್ದು.

ನಮ್ಮ ಮನೆ ಸುಳ್ಯ ತಾಲೂಕಿನ ಒಂದು ಮೂಲೆಯಲ್ಲಿ. ಡಾಮರು ಮುಗಿದ ಮೇಲೆ ಎರಡು ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ತೋಡು, ಎರಡು ಚಡಾವು. ಎರಡನೆಯ ಚಡಾವಿನಲ್ಲಿ ಜೇಡಿಮಣ್ಣು, ಒಂದು ಬದಿ ಧರೆ, ಇನ್ನೊಂದು ಬದಿ ಕೆಳಗೆ ತೋಟ. ಬೇಸಗೆಯಲ್ಲಿ ಯಾವ ಕಾರೂ ಬರುತ್ತದೆ. ಜೂನಿನಿಂದ ಅಕ್ಟೋಬರಿನವರೆಗೆ ರಿಕ್ಷಾದವರು ತೋಡಿನ ಆಚೆಯೇ ಇಳಿಸಿ ಹೋಗುತ್ತಾರೆ. ಪೇಟೆಯ ಜನ ಭಾನುವಾರ ಕೆಸರಿನಲ್ಲಿ ಗಾಡಿ ಬಿಟ್ಟು 'ಆಫ್‌ರೋಡ್' ಎಂದು ಖುಷಿಪಡುತ್ತಾರಲ್ಲ, ನಮಗೆ ಅದು ಮಗಳನ್ನು ಶಾಲೆಗೆ ಬಿಡುವ ದಾರಿ. ಹಾಗೆಂದು ಖುಷಿಯೂ ಇಲ್ಲವೆಂದಲ್ಲ. ಮನೆಯವರೆಲ್ಲ ಜೀಪಿನಲ್ಲಿ ಕೂತು, ಬುತ್ತಿ ಕಟ್ಟಿಕೊಂಡು ಹಿಂದಿನ ಗುಡ್ಡೆಯ ನೆತ್ತಿಗೆ ಹೋಗಿ ಬರುವುದು ಈಗ ನಮ್ಮ ಮನೆಯ ಒಂದು ಹಬ್ಬವೇ.

2015ರ ಕೊನೆಗೆ ತಂದದ್ದು, 1994ರ ಮಹೀಂದ್ರ ಎಂಎಂ 540. ಇದರಲ್ಲಿರುವುದು ಪೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನು, 2112 ಸಿಸಿ. ಶಕ್ತಿ ಅರುವತ್ತು ಚಿಲ್ಲರೆ ಕುದುರೆ. ಈಗಿನ ಗಾಡಿಗಳ ಎದುರು ಇದು ಏನೂ ಅಲ್ಲ. ಆದರೆ ಜೀಪನ್ನು ಗುಡ್ಡೆ ಹತ್ತಿಸುವುದು ಎಂಜಿನಿನ ಶಕ್ತಿಯಲ್ಲ, ಗೇರು. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಉಂಟು. ಅದರ 'ಲೋ' ಹಾಕಿದರೆ ಚಕ್ರಕ್ಕೆ ಸಿಗುವ ಬಲ ಎರಡೂವರೆ ಪಟ್ಟಿನ ಹತ್ತಿರ ಏರುತ್ತದೆ, ವೇಗ ಅಷ್ಟೇ ಇಳಿಯುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಿಂದ ಬಂದ ಏರ್ಪಾಡು ಇದು. ಎಂಬತ್ತು ವರ್ಷ ಕಳೆದರೂ ಈ ಉಪಾಯಕ್ಕೆ ಮುಪ್ಪು ಬಂದಿಲ್ಲ.

ನಾನು 1,40,000 ರೂಪಾಯಿ ಕೊಟ್ಟೆ. ಗಾಡಿ ನೋಡಲು ರಾಜನ ಹಾಗೆ ಇತ್ತು. 31 ಇಂಚಿನ ಅಗಲ ಟಯರು, ಉದ್ದ ಶಕಲು ಹಾಕಿ ಮೂರು ಇಂಚು ಎತ್ತಿದ ಬಾಡಿ, ಹೊಸ ಪೈಂಟು. ಮಾರಿದವರು ಫೋರ್‌ವೀಲಿನ ಲಿವರ್ ಹಾಕಿ ತೋರಿಸಿದರು. ಲಿವರು ಸಲೀಸಾಗಿ ಬಿತ್ತು. ಅದು ಬಿದ್ದರೆ ಸಾಕು ಎಂದುಕೊಂಡವ ನಾನು.

ಆ ಸಂಜೆ

2016ರ ಜೂನ್. ನೆಂಟರ ಮನೆಯ ಪೂಜೆ ಮುಗಿಸಿ ಬರುತ್ತಿದ್ದೆವು. ಅಮ್ಮ, ಹೆಂಡತಿ, ಆರು ವರ್ಷದ ಮಗಳು ಹಿಂದಿನ ಅಡ್ಡ ಬೆಂಚಿನಲ್ಲಿ. ಮಧ್ಯಾಹ್ನವಿಡೀ ಮಳೆ ಹೊಡೆದಿತ್ತು. ಎರಡನೆಯ ಚಡಾವಿನ ಅರ್ಧಕ್ಕೆ ಬಂದಾಗ ಹಿಂದಿನ ಚಕ್ರ ಸುತ್ತತೊಡಗಿತು. ಫೋರ್‌ವೀಲು ಹಾಕಿಯೇ ಇದ್ದೆ, ಮುಂದಿನ ಚಕ್ರ ಮಾತ್ರ ಅಲುಗಲಿಲ್ಲ. ಗಾಡಿ ನಿಂತಿತು. ನಾನು ಕ್ಲಚ್ಚು ಒತ್ತಿದೆ, ಅದೇ ದೊಡ್ಡ ತಪ್ಪು. ಜೀಪು ಹಿಂದಕ್ಕೆ ಜಾರಿತು. ಬ್ರೇಕು ಒತ್ತಿದರೆ ಪೆಡಲು ಅಡಿಯವರೆಗೆ ಹೋಯಿತು. ಹ್ಯಾಂಡ್‌ಬ್ರೇಕು ಎಳೆದೆ, ನಿಲ್ಲಲಿಲ್ಲ. ಸ್ಟಿಯರಿಂಗ್ ತಿರುಗಿಸಿದ್ದು ಧರೆಯ ಬದಿಗೆ, ಬುದ್ಧಿಯಿಂದ ಅಲ್ಲ, ಗಾಬರಿಯಿಂದ. ಹಿಂದಿನ ಮೂಲೆ ಧರೆಗೆ ಬಡಿದು ನಿಂತಿತು. ಇನ್ನೊಂದು ಬದಿಗೆ ತಿರುಗಿಸಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಅಮ್ಮನ ಹಣೆ ಹುಡ್ಡಿನ ಪೈಪಿಗೆ ತಾಗಿತು. ಆರು ಹೊಲಿಗೆ. ಮಗಳನ್ನು ಹೆಂಡತಿ ಅವುಚಿ ಹಿಡಿದಿದ್ದಳು, ಹಾಗಾಗಿ ಅವಳಿಗೆ ಏನೂ ಆಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿ ಒಂದೇ ಮಾತು ಹೇಳಿದಳು. "ನೀವು ಬೇಕಾದರೆ ಗೊಬ್ಬರ ತನ್ನಿ ಅದರಲ್ಲಿ. ನಾನೂ ಮಗಳೂ ಹತ್ತುವುದಿಲ್ಲ." ಅಮ್ಮ ಏನೂ ಹೇಳಲಿಲ್ಲ. ಅದು ಇನ್ನೂ ಕಷ್ಟ.

ಅಡಿಗೆ ನುಗ್ಗಿ ನೋಡಿದಾಗ

ಪೇಟೆಯ ಹೊಸ ಗ್ಯಾರೇಜಿಗೆ ಹೋಗಲಿಲ್ಲ. ಮೂವತ್ತು ವರ್ಷ ಜೀಪಿನ ಅಡಿಯಲ್ಲೇ ಮಲಗಿದ ಒಬ್ಬ ಹಿರಿಯ ಮೇಸ್ತ್ರಿ ನಮ್ಮ ಕಡೆ ಇದ್ದಾರೆ. ಅವರು ಬಾನೆಟ್ಟು ಎತ್ತಲೇ ಇಲ್ಲ. ಎದುರಿನ ಆಕ್ಸಲಿಗೆ ಜಾಕಿ ಕೊಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಇಟ್ಟು, ಎಂಜಿನು ಬಂದ್ ಮಾಡಿಸಿ, ಗೇರೂ ಫೋರ್‌ವೀಲೂ ಹಾಕಿಸಿದರು. "ಈಗ ಎಡದ ಚಕ್ರ ತಿರುಗಿಸಿ ಮಾರಾಯ್ರೆ." ತಿರುಗಿಸಿದೆ. "ಬಲದ್ದು ಉಲ್ಟಾ ತಿರುಗಬೇಕಿತ್ತು. ತಿರುಗಿತಾ?" ಇಲ್ಲ. ಎಡದ ಒಳಗಿನ ಶಾಫ್ಟು ಯಾವ ಕಾಲದಲ್ಲೋ ತುಂಡಾಗಿತ್ತು. ಒಂದು ಬದಿ ತುಂಡಾದರೆ ಡಿಫರೆನ್ಷಿಯಲ್ ಇದ್ದ ಬಲವನ್ನೆಲ್ಲ ಆ ಖಾಲಿ ಬದಿಗೇ ಸುರಿಯುತ್ತದೆ, ಸರಿ ಇರುವ ಬದಿಗೂ ಸಿಗುವುದಿಲ್ಲ. ಅಂದರೆ ನಾನು ಆರು ತಿಂಗಳು ಫೋರ್‌ವೀಲು ಎಂದು ಓಡಿಸಿದ್ದು ಬರೇ ಎರಡು ಚಕ್ರದ ಗಾಡಿ!

ಹಳೇ ಜೀಪು ತೆಗೆದುಕೊಳ್ಳುವವರು ಈ ಒಂದು ಪರೀಕ್ಷೆಯನ್ನು ಮರೆಯಬಾರದು. ಹತ್ತು ನಿಮಿಷದ ಕೆಲಸ. ಮುಂದಿನ ಚಕ್ರಕ್ಕೆ ಲಾಕಿಂಗ್ ಹಬ್ಬು ಇದ್ದರೆ ಎರಡನ್ನೂ ಲಾಕಿಗೆ ತಿರುಗಿಸಿಕೊಂಡೇ ನೋಡಬೇಕು.

ದೊಡ್ಡ ಟಯರಿನ ಕತೆಯನ್ನು ಮೇಸ್ತ್ರಿ ಬಿಡಿಸಿ ಹೇಳಿದರು. ಕಂಪೆನಿಯಿಂದ ಬರುವ 6.00-16 ಟಯರಿನ ಎತ್ತರ ಸುಮಾರು 28 ಇಂಚು. ಅಲ್ಲಿಗೆ 31 ಇಂಚು ಹಾಕಿದರೆ ನೂರಕ್ಕೆ ಹತ್ತು ಪಾಲು ಗೇರಿನ ಬಲ ಹೋಯಿತು. ಬ್ರೇಕಿನ ಡ್ರಮ್ಮು ಹಳೆಯದೇ, ನಿಲ್ಲಿಸಬೇಕಾದ ಚಕ್ರ ಮಾತ್ರ ದೊಡ್ಡದು. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯಲ್ಲಿ ತಿರುಗಿಸುವಾಗ ಹೆಗಲು ನೋವು ಬೇರೆ. ಉದ್ದ ಶಕಲು ಹಾಕಿ ಎತ್ತಿದ್ದರಿಂದ ಮುಂದಿನ ಆಕ್ಸಲಿನ ಓರೆ ತಪ್ಪಿ ಸ್ಟಿಯರಿಂಗು ಅತ್ತಿತ್ತ ಅಲೆಯುತ್ತಿತ್ತು. ಬ್ರೇಕಿನ ರಬ್ಬರ್ ಹೋಸು ತಂತಿಯ ಹಾಗೆ ಬಿಗಿದು, ಬಿರುಕು ಬಿಟ್ಟು ಎಣ್ಣೆ ಒಸರುತ್ತಿತ್ತು. ಪೆಡಲು ಅಡಿಗೆ ಹೋದದ್ದು ಅದಕ್ಕೇ.

ಹ್ಯಾಂಡ್‌ಬ್ರೇಕಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ಜೀಪಿನಲ್ಲಿ ಅದು ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಶಾಫ್ಟು ನಿಂತರೂ ಹಿಂದಿನ ಒಂದು ಚಕ್ರಕ್ಕೆ ಹಿಡಿತವಿಲ್ಲದಿದ್ದರೆ ಅದು ಉಲ್ಟಾ ಸುತ್ತಿ ಗಾಡಿಯನ್ನು ಜಾರಲು ಬಿಡುತ್ತದೆ. ಪಂಕ್ಚರಿಗೆಂದು ಹಿಂದಿನ ಒಂದು ಚಕ್ರ ಎತ್ತಿದಾಗಲೂ ಅಷ್ಟೆ. ಹ್ಯಾಂಡ್‌ಬ್ರೇಕು ನಂಬಿ ಅಡಿಗೆ ಹೋಗಬೇಡಿ, ಕಲ್ಲು ಕೊಡದೆ ಜಾಕಿ ಮುಟ್ಟಬೇಡಿ. ನಮ್ಮ ಜೀಪಿನಲ್ಲಿ ಈಗ ಎರಡು ಮರದ ಅಟ್ಟೆಗಳು ಸದಾ ಇರುತ್ತವೆ, ಹಲಸಿನ ಮರದವು, ಹಗ್ಗ ಕಟ್ಟಿದ್ದು.

ಯಾವುದಕ್ಕೆ ಎಷ್ಟು

ಮೊದಲು ಚಾಸಿ. ಸ್ಪ್ರಿಂಗು ಹಿಡಿಯುವ ಬ್ರಾಕೆಟ್ಟುಗಳ ಬುಡವನ್ನು ಉಜ್ಜಿ ನೋಡಿದೆವು. ತುಕ್ಕು, ಬಿರುಕು, ಬೆಸುಗೆ ಹಾಕಿ ಪೈಂಟು ಬಳಿದ ಜಾಗ ಅಲ್ಲಿಯೇ ಇರುವುದು. ನಮ್ಮದು ಪುಣ್ಯಕ್ಕೆ ಗಟ್ಟಿ ಇತ್ತು. ಚಾಸಿ ಹೋಗಿದ್ದರೆ ಮೇಸ್ತ್ರಿ ಅಲ್ಲಿಗೇ ಕೈ ತೊಳೆದುಕೊಳ್ಳುವವರು.

ಆಮೇಲೆ ಬ್ರೇಕು. ಮಾಸ್ಟರ್ ಸಿಲಿಂಡರು, ನಾಲ್ಕು ಚಕ್ರದ ಸಿಲಿಂಡರು, ಶೂ, ಪೈಪು, ಹೋಸು ಎಲ್ಲ ಹೊಸತು. 11,500 ರೂಪಾಯಿ. ಮುಂದಿನ ಆಕ್ಸಲಿಗೆ ಶಾಫ್ಟು, ಕಿಂಗ್‌ಪಿನ್ ಬೇರಿಂಗು, ಸೀಲು ಸೇರಿ 16,000. ಸ್ಟಿಯರಿಂಗಿನ ಟೈರಾಡ್ ಎಂಡು ಮತ್ತು ಬಾಕ್ಸಿನ ಕೆಲಸ 5,000. ಸ್ಪ್ರಿಂಗ್ ಪಟ್ಟಿ ಬಿಚ್ಚಿ, ತುಕ್ಕು ತೆಗೆದು, ಗ್ರೀಸು ಹಚ್ಚಿ, ಬುಶ್ಶು ಬದಲಿಸಿ, ಹಳೇ ಅಳತೆಯ ಶಕಲು ಹಾಕಿದ್ದಕ್ಕೆ 7,500. ಭಾರ ಹೊರಲು ಎಂದು ಹಿಂದಿನವರು ಸೇರಿಸಿದ್ದ ಒಂದು ಪಟ್ಟಿಯನ್ನೂ ತೆಗೆದೆವು. ಪಟ್ಟಿ ಜಾಸ್ತಿಯಾದರೆ ಚಕ್ರ ನೆಲ ಬಿಟ್ಟು ಹಾರುತ್ತದೆ, ಕೂತವರ ಬೆನ್ನೂ ಉಳಿಯುವುದಿಲ್ಲ. ಗೊಬ್ಬರದ ಮೂಟೆ ಎರಡು ಟ್ರಿಪ್ಪಿನಲ್ಲಿ ಬರಲಿ.

ಐದು ಹೊಸ ಟಯರು, ಟ್ಯೂಬು 21,000. ಹಳೆಯ ದೊಡ್ಡ ಟಯರು 12,000ಕ್ಕೆ ಹೋಯಿತು. ತೆಗೆದುಕೊಂಡ ಹುಡುಗನಿಗೆ ನನ್ನ ಕತೆಯನ್ನೂ ಹೇಳಿದೆ, ಅವನು ನಕ್ಕ. ಸಪೂರ ಟಯರಿನ ಬಗ್ಗೆ ಒಂದು ಮಾತು. ನಮ್ಮ ಮುರಕಲ್ಲಿನ ನೆಲದಲ್ಲಿ ಕೆಸರು ಮೇಲೆ ನಾಲ್ಕಾರು ಇಂಚು ಮಾತ್ರ, ಅಡಿಯಲ್ಲಿ ಗಟ್ಟಿ. ಸಪೂರ ಟಯರು ಕೆಸರನ್ನು ಕೊಯ್ದು ಗಟ್ಟಿಗೆ ಹೋಗಿ ಕೂರುತ್ತದೆ. ಅಗಲದ್ದು ಮೇಲೆಯೇ ಜಾರುತ್ತದೆ. ಮರಳಿನಲ್ಲಿ, ತಳವೇ ಇಲ್ಲದ ಕೆಸರಿನಲ್ಲಿ ಅಗಲದ್ದೇ ಒಳ್ಳೆಯದು, ಒಪ್ಪುತ್ತೇನೆ. ನನ್ನ ದಾರಿ ಅದಲ್ಲ. ಜುಲೈಯಲ್ಲಿ ತೀರಾ ಆಗದಿದ್ದರೆ ಮಲೆನಾಡಿನವರ ಹಾಗೆ ಚಕ್ರಕ್ಕೆ ಚೈನು ಕಟ್ಟುತ್ತೇನೆ, ಡಾಮರು ಸಿಗುವಲ್ಲಿ ಬಿಚ್ಚುತ್ತೇನೆ.

ರೇಡಿಯೇಟರಿನ ಕಸ ತೆಗೆದು, ಹೋಸು ಹಾಕಿ, ಸುಟ್ಟ ವಯರುಗಳನ್ನು ಬದಲಿಸಿದ್ದು 9,000. ಬೆಳಗ್ಗೆ ಸ್ಟಾರ್ಟಾಗದೆ ಸತಾಯಿಸುತ್ತಿದ್ದುದು ಹೀಟರ್ ಪ್ಲಗ್ಗು ಎರಡು ಸತ್ತ ಕಾರಣ. ಎಂಜಿನು ಬಿಚ್ಚಬೇಕೆಂದು ಒಬ್ಬರು ನಲುವತ್ತು ಸಾವಿರ ಹೇಳಿದ್ದರು!

ಸೀಟಿಗೆ 13,000. ಹೆಂಡತಿಯ ಶರತ್ತು ಇದು. ಅಡ್ಡ ಬೆಂಚು ತೆಗೆಸಿ, ಎದುರು ನೋಡಿ ಕೂರುವ ಇಬ್ಬರ ಸೀಟು, ನಾಲ್ವರಿಗೂ ಬೆಲ್ಟು. ಬೆಲ್ಟಿನ ಬೋಲ್ಟನ್ನು ಬರೀ ತಗಡಿಗೆ ಹಾಕಿದರೆ ಪೆಟ್ಟು ಬಿದ್ದಾಗ ತಗಡು ಸಮೇತ ಕಿತ್ತು ಬರುತ್ತದೆ. ಅಡಿಯಲ್ಲಿ ದಪ್ಪ ಪ್ಲೇಟು ಕೊಟ್ಟು ಚಾಸಿಯ ಅಡ್ಡಪಟ್ಟಿಗೆ ಬಿಗಿಯಬೇಕು. ಹುಡ್ಡಿನ ಪೈಪು ಟರ್ಪಾಲು ಹೊರಲು ಮಾತ್ರ, ಗಾಡಿ ಮಗುಚಿದರೆ ತಲೆ ಕಾಯುವ ಸಾಮರ್ಥ್ಯ ಅದಕ್ಕಿಲ್ಲ ಎಂಬುದು ನೆನಪಿರಲಿ. ಅಮ್ಮನಿಗೆ ಹತ್ತಲು ಕೆಳಗೊಂದು ಮೆಟ್ಟಿಲು ಕೂಡ ಆಯಿತು. ಅದನ್ನು ಮೇಸ್ತ್ರಿ ಬಿಟ್ಟಿ ಮಾಡಿಕೊಟ್ಟರು.

ಮಜೂರಿ 18,000. ಒಟ್ಟು 1,01,000. ಹಳೇ ಟಯರಿನ ದುಡ್ಡು ಕಳೆದರೆ 89,000. ಇವು 2016ರ ಲೆಕ್ಕ, ಈಗ ಜಾಸ್ತಿ ಹಿಡಿದುಕೊಳ್ಳಿ. ಎರಡು ತಿಂಗಳು ಗಾಡಿ ಗ್ಯಾರೇಜಿನಲ್ಲಿ. ಹೊರಗಿನಿಂದ ನೋಡಿದರೆ ಮೊದಲಿಗಿಂತ ಕುಳ್ಳಾದ ಒಂದು ಹಳೇ ಜೀಪು, ಅಷ್ಟೆ. ಖರ್ಚು ಮಾಡಿದ್ದು ಕಾಣುವುದೇ ಇಲ್ಲ ಎಂದು ಭಾವ ತಮಾಷೆ ಮಾಡಿದ.

ಕಾಗದಪತ್ರ

ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ಆರ್‌ಟಿಒ ಕಚೇರಿಗೆ ತೋರಿಸಿ ನೋಂದಣಿ ಮುಂದುವರಿಸಬೇಕು. ಹಸಿರು ತೆರಿಗೆ ಬೇರೆ. ಕಾರು, ಜೀಪುಗಳ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಿದರು. ಗಾಡಿಯ ಬೆಲೆ ಮಾತಾಡುವಾಗ ಆರ್‌ಸಿಯ ವಾಯಿದೆ ಎಂದಿಗೆ ಮುಗಿಯುತ್ತದೆ ಎಂದು ನೋಡಿಕೊಂಡೇ ಮಾತಾಡಿ. ಚಾಸಿ ನಂಬರು, ಎಂಜಿನು ನಂಬರು ಆರ್‌ಸಿಯಲ್ಲಿ ಇರುವಂತೆಯೇ ಇರಬೇಕು. ಹಳೇ ಜೀಪುಗಳಲ್ಲಿ ಎಂಜಿನು ಬದಲಿಸಿ ಬರೆಸದೆ ಬಿಟ್ಟವರು ತುಂಬ.

ಮಾರ್ಪಾಡಿನ ವಿಷಯದಲ್ಲಿ ಕಾನೂನು ಬಿಗಿ. ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಎತ್ತಿದ ಬಾಡಿ, ಹೊರಗೆ ಚಾಚಿದ ಟಯರು ಇವೆಲ್ಲ ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ. ಸೀಟಿನ ಬದಲಾವಣೆಯನ್ನು ನಾನು ಮೊದಲೇ ಕಚೇರಿಯಲ್ಲಿ ಕೇಳಿಕೊಂಡು, ಆರ್‌ಸಿಯ ಸೀಟಿನ ಲೆಕ್ಕ ಮೀರದಂತೆ ಮಾಡಿಸಿದೆ. ಕಂಪೆನಿ ರೂಪದಲ್ಲೇ ಇಟ್ಟದ್ದರಿಂದ 2019ರಲ್ಲೂ 2024ರಲ್ಲೂ ತಕರಾರಿಲ್ಲದೆ ಪಾಸಾಯಿತು.

ಕೊಡಚಾದ್ರಿಯ ಡ್ರೈವರು

ಗಾಡಿ ಸರಿಯಾಯಿತು, ಓಡಿಸುವವ ಸರಿಯಾಗಬೇಡವೇ? ಹೆಂಡತಿಯ ಎರಡನೆಯ ಶರತ್ತು ಅದು. 2017ರ ಜನವರಿಯಲ್ಲಿ ಕೊಲ್ಲೂರಿಗೆ ಹೋದಾಗ ಕೊಡಚಾದ್ರಿಗೆ ಬಾಡಿಗೆ ಜೀಪಿನಲ್ಲಿ ಹತ್ತಿದೆವು. 1343 ಮೀಟರ್ ಎತ್ತರದ ಬೆಟ್ಟ. ಕೊನೆಯ ಕೆಲವು ಕಿಲೋಮೀಟರನ್ನು ದಾರಿ ಎಂದು ಕರೆಯುವುದು ಕಷ್ಟ, ಬರೇ ಕಲ್ಲು, ಕೊರಕಲು. ನಾನು ಎದುರಲ್ಲಿ ಕೂತು ಬೆಟ್ಟ ನೋಡಲಿಲ್ಲ, ಡ್ರೈವರನ ಕಾಲು ನೋಡಿದೆ.

ಅವನ ಟಯರೂ ಸಪೂರವೇ. ಕಷ್ಟದ ಜಾಗ ಬರುವ ಮೊದಲೇ ನಿಲ್ಲಿಸಿ ಲೋ ಹಾಕಿಕೊಂಡ, ನಡುವಿನಲ್ಲಿ ಅಲ್ಲ. ಹತ್ತುವಾಗ ಗೇರು ಬದಲಿಸಲಿಲ್ಲ. ಇಳಿಯುವಾಗ ಎರಡೂ ಕಾಲು ಪೆಡಲಿನಿಂದ ದೂರ, ಎಂಜಿನೇ ಗಾಡಿಯನ್ನು ಹಿಡಿದುಕೊಂಡು ಆಮೆಯ ಹಾಗೆ ಇಳಿಸಿತು. ಸ್ಟಿಯರಿಂಗು ಹಿಡಿದಾಗ ಹೆಬ್ಬೆರಳನ್ನು ಒಳಗೆ ಸಿಕ್ಕಿಸಿರಲಿಲ್ಲ, ರಿಮ್ಮಿನ ಮೇಲೆ ಇಟ್ಟಿದ್ದ. ಕಲ್ಲಿಗೆ ಚಕ್ರ ತಾಗಿದರೆ ಸ್ಟಿಯರಿಂಗು ರಪ್ಪನೆ ತಿರುಗಿ ಹೆಬ್ಬೆರಳು ಮುರಿಯುತ್ತದಂತೆ. "ಹತ್ತುವಾಗ ನಿಂತು ಹೋದರೆ?" ಎಂದು ಕೇಳಿದೆ. "ಬ್ರೇಕ್ ಒತ್ತಿ, ರಿವರ್ಸ್ ಹಾಕಿ, ಕ್ಲಚ್ ಬಿಟ್ಟುಬಿಡಿ ಸಾರ್. ಬಂದ ದಾರಿಯಲ್ಲೇ ನೇರ ಕೆಳಗೆ. ಅಡ್ಡ ಮಾತ್ರ ತಿರುಗಿಸಬೇಡಿ." ನಾನು ಆ ಸಂಜೆ ಮಾಡಿದ್ದರ ತದ್ವಿರುದ್ಧ. ಚಡಾವಿನಲ್ಲಿ ಜೀಪು ಅಡ್ಡವಾದರೆ ಮಗುಚುವುದಕ್ಕೆ ಮತ್ತೇನೂ ಬೇಕಿಲ್ಲ.

ಮನೆಗೆ ಬಂದು ಬೇಸಗೆಯಿಡೀ ಖಾಲಿ ಜೀಪಿನಲ್ಲಿ ಅದನ್ನೇ ಅಭ್ಯಾಸ ಮಾಡಿದೆ. ಬೇಕೆಂದೇ ಚಡಾವಿನ ನಡುವೆ ನಿಲ್ಲಿಸುವುದು, ರಿವರ್ಸಿನಲ್ಲಿ ಇಳಿಯುವುದು. ಮೇ ತಿಂಗಳ ಕೊನೆಗೆ ಹೆಂಡತಿ ತಾನಾಗಿ ಬಂದು ಹತ್ತಿದಳು, ಬೆಲ್ಟನ್ನು ಎರಡು ಸಲ ಎಳೆದು ನೋಡಿ.

ಇನ್ನು ಕೆಲವು ಸಣ್ಣ ವಿಷಯ. ಫೋರ್‌ವೀಲು ಹಾಕಿಕೊಂಡು ಒಣ ಡಾಮರಿನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗಬೇಕು, ಈ ಜೀಪಿನಲ್ಲಿ ಅದಕ್ಕೆ ಅವಕಾಶವಿಲ್ಲ. ಬಿಗಿತವೆಲ್ಲ ಗೇರಿಗೆ, ಶಾಫ್ಟಿಗೆ ಬೀಳುತ್ತದೆ. ಹಿಂದಿನವರ ಶಾಫ್ಟು ತುಂಡಾದದ್ದು ಹೀಗೇ ಇರಬಹುದು ಎಂದು ಮೇಸ್ತ್ರಿಯ ಅಂದಾಜು. ತೋಡು ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಹೋಗಬೇಕು, ಡ್ರಮ್ಮಿನ ನೀರು ಆರಬೇಕು. ಮಳೆಗಾಲ ಮುಗಿದ ಮೇಲೆ ಆಕ್ಸಲಿನ ಆಯಿಲು ನೋಡಿ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ ಎಂದರ್ಥ. ಹೂತ ಗಾಡಿ ಎಳೆಯುವಾಗ ಹಗ್ಗವನ್ನು ಬಂಪರಿಗೆ ಕಟ್ಟಬೇಡಿ, ಚಾಸಿಯ ಹುಕ್ಕಿಗೆ ಕಟ್ಟಿ. ಹಗ್ಗದ ಮೇಲೆ ಒದ್ದೆ ಗೋಣಿ ಹಾಕಿ ಮಕ್ಕಳನ್ನು ದೂರ ನಿಲ್ಲಿಸಿ.

ಯಾವಾಗ ಹೋಗಬಾರದು

ನೀರು ಎಷ್ಟಿದ್ದರೆ ದಾಟಬಹುದು ಎಂದು ಕೇಳುತ್ತಾರೆ. ಡೀಸೆಲು ಎಂಜಿನಿಗೆ ಕರೆಂಟಿನ ಕಿಡಿ ಬೇಡ, ಆದ್ದರಿಂದ ಒದ್ದೆಯಾದರೂ ನಿಲ್ಲುವುದಿಲ್ಲ ಎಂಬ ಧೈರ್ಯ ಕೆಲವರಿಗೆ. ಆದರೆ ಗಾಳಿ ಎಳೆಯುವ ದಾರಿಯಲ್ಲಿ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡು ಬಗ್ಗಿ ಎಂಜಿನೇ ಹೋಗುತ್ತದೆ. ನನ್ನ ಲೆಕ್ಕ ಬೇರೆ. ನಮ್ಮ ತೋಡಿನ ಬದಿಯಲ್ಲಿ ಒಂದು ಕಲ್ಲು ಉಂಟು. ಅದು ಮುಳುಗಿದರೆ ಜೀಪು ಆಚೆಯೇ ನಿಲ್ಲುತ್ತದೆ, ನಾವು ಸಂಕದಲ್ಲಿ ನಡೆದು ಬರುತ್ತೇವೆ. ಕೆಂಪು ನೀರು ಹರಿಯುವಾಗ ಅಡಿಯ ಕಲ್ಲು ಎದ್ದು ಹೋಗಿರುವುದು ಕಣ್ಣಿಗೆ ಕಾಣುವುದಿಲ್ಲ.

2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಸಂಪಾಜೆ–ಮಡಿಕೇರಿ ರಸ್ತೆ ಮುಚ್ಚಿದ ದಿನಗಳು ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಆಗ ಒಬ್ಬರು ಬಂದು, "ನಿಮ್ಮದು ಫೋರ್‌ವೀಲಲ್ಲವಾ, ಒಳದಾರಿಯಲ್ಲಿ ನುಗ್ಗಿಸಿ ಆಚೆ ಬಿಡಿ" ಎಂದು ಕೇಳಿದರು. ಒಲ್ಲೆ ಎಂದೆ. ಬೇಸರಪಟ್ಟುಕೊಂಡರು. ನಾಲ್ಕು ಚಕ್ರವೂ ಹಿಡಿಯಬೇಕಾದ ನೆಲವೇ ಜಾರುತ್ತಿರುವಾಗ ಜೀಪು ಏನು ಮಾಡೀತು?

ಮೋಜಿಗೆ ಹೋಗುವವರಿಗೂ ಒಂದು ಮಾತು. ರಕ್ಷಿತಾರಣ್ಯಕ್ಕೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಗುಡ್ಡೆಯ ಹುಲ್ಲಿನ ಮೇಲೆ ಚಕ್ರದ ಗುರುತು ಬಿದ್ದರೆ ಮುಂದಿನ ಮಳೆಗೆ ಅದೇ ಕೊರಕಲು, ಅದರ ಮಣ್ಣು ಬಂದು ಬೀಳುವುದು ಕೆಳಗಿನವರ ತೋಟಕ್ಕೆ. ನಾವು ಹೋಗುವುದು ಸೊಪ್ಪಿನ ಗುಡ್ಡೆಯ ಹಳೇ ಗಾಡಿದಾರಿಯಲ್ಲಿ, ನವೆಂಬರ್ ಕಳೆದ ಮೇಲೆ. ಅಮ್ಮ ಈಗಲೂ ಹಿಂದೆ ಕೂರುವುದಿಲ್ಲ, ಎದುರಿನ ಸೀಟು ಅವರದ್ದೇ. ಹದಿನೆಂಟು ಆಗದೆ ಸ್ಟಿಯರಿಂಗು ಮುಟ್ಟುವ ಹಾಗಿಲ್ಲ ಎಂದು ಮಗಳಿಗೆ ಹೇಳಿಟ್ಟಿದ್ದೇನೆ. ಮರದ ಅಟ್ಟೆ ಕೊಡುವ ಕೆಲಸ ಮಾತ್ರ ಅವಳದು.

ಬಗೆಹರಿಯದ್ದು ಒಂದು ಉಂಟು. ಮುಂದಿನ ಚಕ್ರದ ಗುಂಡಿನಲ್ಲಿ ಆಯಿಲು ಸೀಲು ವರ್ಷಕ್ಕೊಮ್ಮೆ ಹೋಗಿ ಗ್ರೀಸು ಒಸರುತ್ತದೆ. ಮೂರು ಸಲ ಬದಲಿಸಿಯಾಯಿತು. ಗುಂಡಿನ ಮೈ ತುಕ್ಕು ತಿಂದು ತರಿಯಾದದ್ದೇ ಕಾರಣ, ಲೇತಿಗೆ ಕೊಟ್ಟು ನುಣುಪು ಮಾಡಿಸಿ ಎನ್ನುತ್ತಾರೆ ಮೇಸ್ತ್ರಿ. ಹಾಗೆ ಮಾಡಿಸಿ ಉಳಿದವರು ಓದುಗರಲ್ಲಿ ಇದ್ದರೆ ಪತ್ರಿಕೆಗೆ ಬರೆಯಿರಿ. ಈ ಮಳೆಗಾಲಕ್ಕೆ ಮೊದಲು ಗೊತ್ತಾದರೆ ಒಳ್ಳೆಯದಿತ್ತು.